ತೊಳೆದ ಇಲಿ

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹಾವಿನಿಂದಾಗಿ. ಆಸ್ಟಿನ್‌ನಲ್ಲಿ ಅವರಿದ್ದ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಫೋನ್ ಮಾಡಿದ್ದಳು; ತುರ್ತಿಗೆ ಕರೆಯಬೇಕಾದವರು ಎಂದು ಅವರು ನನ್ನ ನಂಬರು ಬರೆದುಕೊಟ್ಟಿದ್ದರಂತೆ. ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಕುಸಿದು ಬಿದ್ದರು, ಹೃದಯಾಘಾತ, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು ಎಂದು ಹೇಳಿ, ಸಂತಾಪ ಸೂಚಿಸಿ, ಅದೇ ಉಸಿರಿನಲ್ಲಿ ಕೇಳಿದಳು: ಒಳಗೆ ಒಂದು ಹೆಬ್ಬಾವಿದೆ, ನಮ್ಮ ಕೆಲಸದವರು ಬಾಗಿಲು ತೆರೆಯಲು ಒಪ್ಪುತ್ತಿಲ್ಲ, ಅದನ್ನು ಯಾರು ಒಯ್ಯುತ್ತೀರಿ? ಹಾಗಾಗಿ ನಾನು ಮೊದಲು ಯೋಚಿಸಿದ್ದು ಹಾವಿನ ಬಗ್ಗೆ. ಮನುಷ್ಯನ ಬಗ್ಗೆ ಆಮೇಲೆ. ಈ ಕ್ರಮ ಸರಿಯಲ್ಲ ಅನ್ನಿಸುತ್ತದೆ. ಆದರೆ ನಡೆದದ್ದು ಈ ಕ್ರಮದಲ್ಲೇ.

ಅಲ್ಲಿನ ದೇವಸ್ಥಾನದ ಸಭಾಂಗಣದಲ್ಲಿ ಒಂದಿಷ್ಟು ಜನ ಸೇರಿ ಅವರ ಬಗ್ಗೆ ಮಾತಾಡಿದರು. ಶಾಂತ ಸ್ವಭಾವ ಎಂದರು. ಯಾರಿಗೂ ತೊಂದರೆ ಕೊಟ್ಟವರಲ್ಲ ಎಂದು ಒಬ್ಬರು ಹೇಳಿದರು, ಮುಂದೆ ಬಂದವರೆಲ್ಲ ಅದನ್ನೇ ಹಿಡಿದರು. ಹಾಗೆ ಹೇಳುತ್ತಾ ಹೋದಷ್ಟೂ ನನಗೆ ಅವರ ಮುಖ ಮಾಸುತ್ತಾ ಹೋಯಿತು. ನನಗೂ ಮಾತಾಡಲು ಹೇಳಿದರು. ಎದ್ದು ನಿಂತು, ನಾವಿಬ್ಬರೂ ಹೂಸ್ಟನ್‌ನಲ್ಲಿ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದೆವು ಎಂದಷ್ಟೇ ಹೇಳಿ ಕೂತೆ.

ಖಚಿತವಾಗಿ ನೆನಪಿರುವುದು ಒಂದು ಚಿತ್ರ. ಹೂಸ್ಟನ್ ಹೊರವಲಯದ ಸೈಪ್ರೆಸ್‌ನ ಅವರ ಮನೆಯ ಗ್ಯಾರೇಜಿನಲ್ಲಿ, ಸಿಂಕಿನ ಮುಂದೆ ನಿಂತು, ಅವರು ಸತ್ತ ಇಲಿಮರಿಯೊಂದನ್ನು ತೊಳೆಯುತ್ತಿದ್ದಾರೆ. ಹೆಬ್ಬೆರಳಿಗಿಂತ ದೊಡ್ಡದಲ್ಲ. ಎಡ ಅಂಗೈಯಲ್ಲಿ ಮಲಗಿಸಿಕೊಂಡು ಬಲಗೈಯಿಂದ ಹೊಟ್ಟೆ, ಬೆನ್ನು ಉಜ್ಜುತ್ತಿದ್ದಾರೆ, ಹಸುಗೂಸಿಗೆ ನೀರು ಹಾಕುವ ಹಾಗೆ. ಇಲ್ಲ, ಈ ಹೋಲಿಕೆ ನಾನು ಆಮೇಲೆ ಸೇರಿಸಿದ್ದು. ಅವರು ಬದನೆಕಾಯಿ ತೊಳೆಯುವ ಹಾಗೆ ತೊಳೆಯುತ್ತಿದ್ದರು. ನೊರೆ ಇತ್ತು. ಪಾತ್ರೆ ತೊಳೆಯುವ ಸೋಪಿನ ನಿಂಬೆ ವಾಸನೆ ಇತ್ತು. ಉಳಿದದ್ದು, ಅವರ ಅಂಗಿಯ ಬಣ್ಣ, ಹೊರಗಿನ ಬಿಸಿಲು, ಅದನ್ನೆಲ್ಲ ನಾನು ಹೇಳುವಾಗಲೆಲ್ಲ ಬದಲಾಯಿಸುತ್ತಾ ಬಂದಿದ್ದೇನೆ.

ಅವರು ಉಡುಪಿಯವರು. ಹೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್ ಎಂಬ ಊರಿನಲ್ಲಿ ನಮ್ಮದು ಒಂದೇ ಎನರ್ಜಿ ಕಂಪನಿ. ನಾನು ಸಾಫ್ಟ್‌ವೇರ್, ಅವರು ಲ್ಯಾಬಿನಲ್ಲಿ. ಪೈಪುಗಳು ಯಾಕೆ ತುಕ್ಕು ಹಿಡಿಯುತ್ತವೆ ಎಂದು ಪತ್ತೆ ಮಾಡುವುದು ಅವರ ಕೆಲಸ. ಲೋಹದ ತುಂಡುಗಳನ್ನು ಉಪ್ಪುನೀರಿನಲ್ಲಿ ನೇತುಹಾಕಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಕಿರಿಯರು ಅವಸರ ಮಾಡಿ ಉಪ್ಪನ್ನೂ ಬದಲಾಯಿಸಿ ಶಾಖವನ್ನೂ ಬದಲಾಯಿಸಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಎಂದರೆ ಧ್ವನಿ ಇನ್ನೂ ತಗ್ಗುತ್ತಿತ್ತು. "ಒಂದು ಸಲಕ್ಕೆ ಒಂದೇ ಬದಲಾವಣೆ ಮಾರಾಯ. ಎರಡು ಮಾಡಿದರೆ ಎಂತದರಿಂದ ಎಂತ ಆಯ್ತು ಅಂತ ದೇವರಿಗೂ ಗೊತ್ತಾಗುವುದಿಲ್ಲ." ಲ್ಯಾಬಿನ ಅಮೆರಿಕನ್ ಹುಡುಗರೂ ಇದನ್ನು ಇಂಗ್ಲಿಷಿನಲ್ಲಿ ಅವರದೇ ರಾಗದಲ್ಲಿ ಅಣಕಿಸುತ್ತಿದ್ದರು.

ಮಧ್ಯಾಹ್ನ ಊಟದ ಡಬ್ಬಿ ತೆರೆದರೆ, ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೀರು ತೆಗೆದು ಡಬ್ಬಿಯ ಸುತ್ತ ಒಂದು ಗೆರೆ ಸುತ್ತುತ್ತಿದ್ದರು. ಕ್ಯಾಂಟೀನಿನ ಮೇಜು ಒದ್ದೆಯಾಗುತ್ತಿತ್ತು. ಆಮೇಲೆ ಅದನ್ನು ತಾವೇ ಒರೆಸುತ್ತಿದ್ದರು. ಮತ್ತೆ, ತೊಳೆಯುವುದು. ಎಲ್ಲವನ್ನೂ ತೊಳೆಯುತ್ತಿದ್ದರು. ಸುಲಿದು ತಿನ್ನುವ ಬಾಳೆಹಣ್ಣನ್ನು ತೊಳೆಯುತ್ತಿದ್ದರು. ಹಾಲಿನ ಕ್ಯಾನನ್ನು, ತೆಂಗಿನಕಾಯಿಯನ್ನು, ಸೀಲ್ ಒಡೆಯದ ಚಿಪ್ಸ್ ಪೊಟ್ಟಣವನ್ನು. ಹೂಸ್ಟನ್‌ನಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ನಮ್ಮವರ ಪೇಟೆಯ ಅಂಗಡಿಯ ಹೊರಗೆ, ಕಾರಿನ ಬಾನೆಟ್ಟಿನ ಪಕ್ಕ ನಿಂತು ಬಾಟಲಿ ನೀರಿನಿಂದ ದ್ರಾಕ್ಷಿ ತೊಳೆದು ಮಗಳ ಕೈಗೆ ಕೊಡುತ್ತಿದ್ದದ್ದನ್ನು ನೋಡಿದ್ದೇನೆ. ಮಗಳು ಆಚೀಚೆ ನೋಡುತ್ತಾ, "ಅಪ್ಪಾ, ಪೀಪಲ್ ಆರ್ ವಾಚಿಂಗ್," ಎನ್ನುತ್ತಿದ್ದಳು. "ನೋಡಲಿ. ಬಾಯಿಗೆ ಹಾಕುವ ವಸ್ತು ಅಲ್ವಾ?" ಎನ್ನುತ್ತಿದ್ದರು.

ಮಗಳ ಹೆಸರು ಸಿರಿ. ಅವಳು ಸ್ಕೂಲಿಗೆ ಸೇರಿದ ಮೇಲೆ ಅದೇ ಹೆಸರಿನ ಹೆಂಗಸೊಬ್ಬಳು ಎಲ್ಲರ ಫೋನಿನೊಳಗೆ ಬಂದು ಕೂತದ್ದು ಅವಳ ದುರದೃಷ್ಟ. ಗಂಡ ಹೆಂಡತಿ ಬೇರೆಯಾದ ಮೇಲೆ ಸಿರಿಯ ಅಮ್ಮ ಡಲ್ಲಾಸ್‌ಗೆ ಶಿಫ್ಟ್ ಆದರು, ಸಿರಿ ಅವರ ಜೊತೆ. ಜಗಳ, ಕೂಗಾಟ ಏನೂ ನಡೆಯಲಿಲ್ಲ ಎಂದು ನಮ್ಮ ಕನ್ನಡದವರೆಲ್ಲ ಆಶ್ಚರ್ಯಪಟ್ಟರು, ಸ್ವಲ್ಪ ನಿರಾಶೆಯನ್ನೂ ಪಟ್ಟರು. ವಾರ ಬಿಟ್ಟು ವಾರ, ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ, ಮಗು ಅಪ್ಪನ ಬಳಿ ಬರಬೇಕು ಎಂದು ಕೋರ್ಟು ಹೇಳಿತ್ತು. ಡಲ್ಲಾಸ್‌ಗೂ ಹೂಸ್ಟನ್‌ಗೂ ನಡುವೆ, ಅರ್ಧ ದಾರಿಯ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಅಮ್ಮನ ಕಾರಿನಿಂದ ಇಳಿದು ಅಪ್ಪನ ಕಾರಿಗೆ ಹತ್ತುತ್ತಿದ್ದಳು. ಅವಳು ಬರುವ ಶುಕ್ರವಾರ ಅವರು ಬೇಗ ಹೊರಡುತ್ತಿದ್ದರು. ಆ ದಿನ ನಾನು ನನ್ನ ಕಾರನ್ನೇ ಒಯ್ಯಬೇಕಾಗುತ್ತಿತ್ತು.

ಮೊದಲೆಲ್ಲ ಕುಣಿಯುತ್ತಾ ಬರುತ್ತಿದ್ದವಳು ವಯಸ್ಸು ಹನ್ನೊಂದು ಹತ್ತಿರವಾಗುವಾಗ ಕಿವಿಗೆ ವೈರು ಸಿಕ್ಕಿಸಿಕೊಂಡು ಬರತೊಡಗಿದಳು. ಡಲ್ಲಾಸ್‌ನಲ್ಲಿ ಗೆಳತಿಯರು, ಬರ್ತ್‌ಡೇ ಪಾರ್ಟಿ, ಆರ್ಕೆಸ್ಟ್ರಾ. ಟೆಕ್ಸಸ್‌ನಲ್ಲಿ ಹನ್ನೆರಡು ತುಂಬಿದ ಮಗುವನ್ನು ನ್ಯಾಯಾಧೀಶರು ಕೋಣೆಗೆ ಕರೆದು, ನಿನಗೆ ಎಲ್ಲಿರಲು ಇಷ್ಟ ಎಂದು ಕೇಳಬಹುದು. ಇದನ್ನು ಅವರ ವಕೀಲ ಅವರಿಗೆ ಹೇಳಿದ್ದ. ಅವರು ಕಾರಿನಲ್ಲಿ ನನಗೆ ಹೇಳಿದರು. ಮುಂದಿನ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿ, "ಆಗ ಅವಳು ಎಂತ ಹೇಳಬಹುದು?" ಎಂದು ಕೇಳಿದರು. ಪ್ರಶ್ನೆ ನನಗಾಗಿರಲಿಲ್ಲ.

ಆ ಹೊತ್ತಿನಲ್ಲೇ ಸಿರಿ ಹಾವು ಕೇಳಿದ್ದು. ನಾಯಿ ಬೇಡ, ಬೆಕ್ಕು ಬೇಡ, ಹಾವು. ಅಮ್ಮ ಡಲ್ಲಾಸ್‌ನ ಮನೆಗೆ ತರಬಾರದು ಎಂದರು. ಅಪ್ಪ ಆಗಲಿ ಎಂದರು. ಇಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದ್ದನ್ನು ನಾನು ಕಂಡಿಲ್ಲ. ಹಾವು ಹೂಸ್ಟನ್‌ನಲ್ಲೇ ಇರುತ್ತದೆ, ಹಾವಿಗಾಗಿ ಅವಳು ಬರುತ್ತಾಳೆ. ಈ ಲೆಕ್ಕವನ್ನು ಅವರು ಮುಚ್ಚಿಡಲೂ ಇಲ್ಲ. ನನ್ನ ಗಂಡ ಕೇಳಿದ್ದು ಒಂದೇ, "ಆ ಹಾವು ನಿನ್ನ ಕಾರಲ್ಲಿ ಕೂರುತ್ತಾ?"

ತಂದದ್ದು ಬಾಲ್ ಪೈಥಾನ್ ಎಂಬ ಜಾತಿಯ ಮರಿ. ಆಫ್ರಿಕಾದ ಹೆಬ್ಬಾವು. ಹೆದರಿದರೆ ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ಒಳಗೆ ಅಡಗಿಸಿಕೊಳ್ಳುತ್ತದೆ. ಸಿರಿ ಅದಕ್ಕೆ ಗೋಳಿಬಜೆ ಎಂದು ಹೆಸರಿಟ್ಟಳು. ಅಜ್ಜಿಯ ಊರಿಗೆ ಹೋದಾಗ ಅವಳು ತಿಂದು ಬಂದ, ಉಂಡೆಯಾಗಿ ಕರಿದ ತಿಂಡಿ ಅದು. ಆಮೇಲೆ ಆ ಹೆಸರು ಕುಗ್ಗಿ ಗೋಲಿ ಆಯಿತು. ಹೆಬ್ಬೆರಳಿನಷ್ಟು ದಪ್ಪ. ಅದನ್ನು ಕೈಯಲ್ಲಿ ಹಿಡಿದಾಗ ಅವಳ ಕಿವಿಯ ವೈರು ಕೆಳಗೆ ಬಿದ್ದಿತ್ತು ಎಂದು ಅವರು ಸೋಮವಾರ ನನಗೆ ಹೇಳಿದರು.

ಮರಿ ತಿನ್ನಲಿಲ್ಲ.

ಹಾವು ಮಾರಿದ ಅಂಗಡಿಯ ಹೆಂಗಸು, ಎರಡೂ ತೋಳಿನ ತುಂಬ ಹಚ್ಚೆ, ಎಲ್ಲರನ್ನೂ ಇಂಗ್ಲಿಷಿನಲ್ಲಿ ಮುದ್ದಾಗಿ ಹನಿ ಎಂದು ಕರೆಯುವವಳು, ಎಲ್ಲವನ್ನೂ ವಿವರಿಸಿದ್ದಳು. ಹಾವಿಗೆಂದೇ ಹೆಪ್ಪುಗಟ್ಟಿಸಿ ಮಾರುವ ಸತ್ತ ಇಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಮುಳುಗಿಸು. ಜೀವವಿರುವಷ್ಟೇ ಬೆಚ್ಚಗಾಗಬೇಕು. ಉದ್ದ ಚಿಮಟದಿಂದ ಹಿಡಿದು ಮೂತಿಯ ಮುಂದೆ ಅಲ್ಲಾಡಿಸು. ತಿನ್ನದಿದ್ದರೆ ಅಲ್ಲೇ ಬಿಟ್ಟು ಗಾಜಿನ ಪೆಟ್ಟಿಗೆಗೆ ಟವೆಲ್ ಹೊದಿಸಿ ಹೊರಗೆ ಹೋಗು. "ನೋಡ್ತಾ ನಿಲ್ಲಬೇಡ ಹನಿ. ಮರಿಗಳಿಗೆ ನಾಚಿಕೆ." ಇಲಿಯನ್ನು ತೊಳೆಯಬೇಡ ಎಂದು ಅವಳು ಹೇಳಲಿಲ್ಲ. ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಇಲಿಗಳಿಗೆಂದೇ ಗ್ಯಾರೇಜಿನಲ್ಲಿ ಬೇರೆ ಫ್ರಿಜ್ ಬಂತು. ಬೇರೆ ಪಾತ್ರೆ, ಬೇರೆ ಚಿಮಟ. ಅಡಿಗೆಮನೆಗೆ ಅವು ಯಾವುವೂ ಬರಕೂಡದು. ಮುಟ್ಟುವ ಮುಂಚೆ ಸ್ನಾನ, ಮುಟ್ಟಿದ ಮೇಲೆ ಸ್ನಾನ. ಹಾವಿದ್ದದ್ದು ಸಿರಿಯ ಕೋಣೆಯಲ್ಲಿ. ಗಾಜಿನ ಮುಂದೆ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ತೊಡೆಯ ಮೇಲೆ ಕೈಯಿಟ್ಟು, ಅವರು ನೋಡುತ್ತಾ ಕೂರುತ್ತಿದ್ದರು. ಟವೆಲ್ ಹೊದಿಸಿ ಎಂದಿದ್ದಳಲ್ಲ ಎಂದು ನಾನು ಕೇಳಿದರೆ, "ಹೊದಿಸಿದರೆ ತಿಂದದ್ದು ಗೊತ್ತಾಗುವುದು ಹೇಗೆ?" ಎನ್ನುತ್ತಿದ್ದರು. ಲ್ಯಾಬಿನಲ್ಲಿ ತುಕ್ಕು ಹಿಡಿಯಲು ಆರು ತಿಂಗಳು ಕಾಯುವ ಮನುಷ್ಯ.

ಊರಿನಿಂದ ಅವರ ಅಮ್ಮನ ಫೋನು ಬೆಳಿಗ್ಗೆ ಕಾರಿನಲ್ಲೇ ಬರುತ್ತಿತ್ತು, ಸ್ಪೀಕರಿನಲ್ಲಿ. ಆ ಕಡೆಯವರಿಗೆ ನಾಗನೆಂದರೆ ಏನೆಂದು ಹೇಳಬೇಕಾಗಿಲ್ಲ. ದಾರಿಯಲ್ಲಿ ಸತ್ತು ಬಿದ್ದ ನಾಗರಹಾವಿಗೂ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುವ ಜನ.

"ಪೆಟ್ಟಿಗೆಯಲ್ಲಿ ಹಾವು ಇಟ್ಟುಕೊಂಡಿದ್ದಿಯಂತೆ?"

"ಸಿರಿಗೆ ಅಮ್ಮ. ಸಣ್ಣದು."

"ಹೆಡೆ ಉಂಟಾ ಅದಕ್ಕೆ?"

"ಇಲ್ಲ. ಹೆಬ್ಬಾವು."

ಆ ಕಡೆ ದೊಡ್ಡ ನಿಟ್ಟುಸಿರು. "ಹೆಡೆ ಇಲ್ಲದಿದ್ದರೆ ಅಡ್ಡಿಯಿಲ್ಲ. ಎಂತ ತಿಂತದೆ?"

"ತಿನ್ನುವುದೇ ಇಲ್ಲ ಈಗ."

"ಅಯ್ಯೋ ದೇವರೇ. ಮನೆಗೆ ಬಂದದ್ದನ್ನು ಉಪವಾಸ ಕೆಡಹಬೇಡ ಮಗಾ. ಆ ಪಾಪ ಬೇಡ ನಮಗೆ. ಇರುವ ದೋಷವೇ ಸಾಕು."

ತೊಳೆದು ಕೊಡು ಎಂದೂ ಆ ಅಮ್ಮ ಹೇಳಿದರು ಎಂದು ನನಗೊಂದು ನೆನಪು. ಇದ್ದರೂ ಇರಬಹುದು. ಕಥೆಗೆ ಚೆನ್ನಾಗಿ ಹೊಂದುತ್ತದೆ ಎಂಬ ಕಾರಣಕ್ಕೇ ನಾನು ಅದನ್ನು ನಂಬುವುದಿಲ್ಲ.

ಮರಿಯ ಮೈ ಇಳಿಯುತ್ತಾ ಬಂತು. ಬೆನ್ನುಮೂಳೆ ಗೆರೆಯಂತೆ ಎದ್ದು ಕಾಣುತ್ತಿತ್ತು. ಸಿರಿ ಈಗ ದಿನವೂ ಡಲ್ಲಾಸ್‌ನಿಂದ ಫೋನ್ ಮಾಡುತ್ತಿದ್ದಳು. ಅದಕ್ಕೆ ಮೊದಲು ಅವರೇ ಮಾಡಬೇಕಿತ್ತು, ಅವಳು ಹ್ಞೂಂ, ಓಕೆ ಎಂದು ಇಡುತ್ತಿದ್ದಳು. ಈಗ ಅವಳೇ. ನಾವು ಆಫೀಸಿನಿಂದ ಹಿಂದಿರುಗುವ ಹೊತ್ತಿಗೆ ಅವಳ ಸ್ಕೂಲ್ ಬಿಡುತ್ತಿತ್ತು.

"ಡಿಡ್ ಹೀ ಈಟ್?"

"ಇನ್ನೂ ಇಲ್ಲ ಮಗಾ."

"ಅಪ್ಪಾ, ಆರ್ ಯೂ ಸ್ಕೇರಿಂಗ್ ಹಿಮ್?"

"ನಾನಾ? ನಾನು ಸುಮ್ಮನೆ ಕೂತುಕೊಳ್ಳುವುದು."

"ಡೋಂಟ್ ಲೆಟ್ ಹಿಮ್ ಡೈ, ಅಪ್ಪಾ. ಪ್ರಾಮಿಸ್?"

"ಪ್ರಾಮಿಸ್," ಎಂದರು ಅವರು. ಫೋನ್ ಇಟ್ಟ ಮೇಲೆ, ಹಾವು ಸತ್ತರೆ ಅವಳು ಬರುವುದಿಲ್ಲ ಎಂದು ಅವರು ಆ ದಿನ ಬಾಯಿಬಿಟ್ಟು ಹೇಳಿದರು. ಬರುವುದಿಲ್ಲ, ಮತ್ತು ನ್ಯಾಯಾಧೀಶರು ಕೇಳಿದಾಗ ಅದನ್ನೇ ಹೇಳುತ್ತಾಳೆ.

ಆಮೇಲೆ ಆ ಶನಿವಾರ. ಮೈಸೂರಿನ ನಮ್ಮ ಮನೆಯಿಂದ ಬಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಕೊಡಲು ಅವರ ಮನೆಗೆ ಹೋದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಆಗ ನೋಡಿದ್ದು, ಮೊದಲೇ ಹೇಳಿದೆನಲ್ಲ, ಆ ಚಿತ್ರ.

"ಏನ್ರೀ ಇದು! ಇಲಿ ತೊಳೀತಿದೀರಾ?"

"ಹೌದು. ಮತ್ತೆ?"

"ಸೋಪಲ್ಲಿ?"

"ಸ್ವಲ್ಪವೇ. ಆಮೇಲೆ ಚೆನ್ನಾಗಿ ನೀರು ಹಾಕುತ್ತೇನೆ." ನಾನು ಶುಚಿಯ ಬಗ್ಗೆ ಸಂಶಯಪಡುತ್ತಿದ್ದೇನೆ ಎಂದು ಅವರು ತಿಳಿದರು.

"ಅಲ್ಲ ಮಾರಾಯ್ರೆ," ನಾನೂ ಅವರ ಮಾತಿಗೇ ಇಳಿದೆ, "ಹಾವಿಗೆ ವಾಸನೆ ಬಿಟ್ರೆ ಇನ್ನೇನು ಗೊತ್ತಾಗತ್ತೆ? ನೀವು ನಿಂಬೆಹಣ್ಣು ಕೊಡ್ತಿದೀರಾ ಅದಕ್ಕೆ. ಅದು ಇಲಿ ಅಂತ ಹೇಗೆ ತಿಳೀಬೇಕು?"

ನಲ್ಲಿ ಹರಿಯುತ್ತಲೇ ಇತ್ತು. ಅವರು ಅಂಗೈಯಲ್ಲಿದ್ದದ್ದನ್ನು ನೋಡಿದರು. ನನ್ನನ್ನು ನೋಡಿದರು. "ತೊಳೆಯದೆ ಕೊಡುವುದು ಹೇಗೆ?" ಎಂದರು. ವಾದಕ್ಕಾಗಿ ಕೇಳಿದ್ದಲ್ಲ. ನಿಜವಾಗಿಯೂ ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ಇನ್ನೊಂದು ಇಲಿ ತೆಗೆದರು. ಚೀಲದಲ್ಲೇ ಬೆಚ್ಚಗೆ ಮಾಡಿ, ತೊಳೆಯದೆ, ಚಿಮಟದ ತುದಿಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ಮೆಟ್ಟಿಲು ಹತ್ತಿದರು. ನಾನು ಹಿಂದೆ ಹೋದೆ. ಪೆಟ್ಟಿಗೆಯೊಳಗೆ ಇಟ್ಟರು. ಸ್ಟೂಲಿನ ಮೇಲೆ ಕೂರಲಿಲ್ಲ. ತೊಳೆಯದ್ದನ್ನು ಕೊಟ್ಟು ಅದರೆದುರು ಕೂರಲು ಅವರಿಂದಾಗಲಿಲ್ಲ, ನನಗೆ ಕಂಡದ್ದು ಅಷ್ಟೇ. ಮಂಚದ ಮೇಲಿದ್ದ ಸಿರಿಯ ಟವೆಲ್ ಎಳೆದು ಗಾಜಿನ ಮೇಲೆ ಹೊದಿಸಿ, ದೀಪ ಆರಿಸಿ, ಬಾಗಿಲೆಳೆದುಕೊಂಡು ನೇರ ಬಚ್ಚಲಿಗೆ ಹೋದರು. ನಾನು ಕೆಳಗೆ ಕೂತು ಷವರಿನ ಸದ್ದು ಕೇಳಿದೆ. ಅದು ಬಹಳ ಹೊತ್ತು ನಿಲ್ಲಲಿಲ್ಲ.

ಕಾಫಿ ಕುಡಿದು ಮೇಲೆ ಹೋದೆವು. ಟವೆಲಿನ ಒಂದು ಮೂಲೆ ಎತ್ತಿದರು. ಇಲಿ ಇರಲಿಲ್ಲ. ಮರಿಯ ಮೈಯ ನಡುವೆ ಒಂದು ಉಬ್ಬು. ಅವರ ಮುಖದಲ್ಲಿ ಸಂತೋಷ ಇತ್ತೋ ಅಸಹ್ಯ ಇತ್ತೋ ಹೇಳಲಾರೆ, ಎರಡೂ ಇದ್ದವೆಂದರೆ ಬರೆಯುವವರ ಮಾತಾಗುತ್ತದೆ. ಫೋನ್ ತೆಗೆದರು. ಆ ಕಡೆಯಿಂದ ಹಲೋ ಕೂಡ ಇಲ್ಲ.

"ಡಿಡ್ ಹೀ ಈಟ್?"

"ತಿಂತು," ಎಂದರು.

ಡಲ್ಲಾಸ್‌ನ ಆ ಕಿರುಚಾಟ ಕೋಣೆಯ ಈ ಕಡೆ ನಿಂತಿದ್ದ ನನಗೂ ಕೇಳಿಸಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಬೇರೆ ಬರಹವಾಗುತ್ತಿತ್ತು. ಎಷ್ಟೋ ಊಟದ ಮೇಜಿನಲ್ಲಿ ನಾನು ಇಲ್ಲಿಗೇ ನಿಲ್ಲಿಸಿದ್ದೇನೆ, ಜನ ನಕ್ಕಿದ್ದಾರೆ.

ಸೋಮವಾರ ಕಾರಿನಲ್ಲಿ ಅವರು ಹೇಳಿದ್ದು: "ಆ ಹೆಂಗಸು ಹೇಳಿದ್ದು ಸರಿ. ನಾನು ನೋಡುತ್ತಾ ಕೂತದ್ದೇ ತಪ್ಪು."

"ತೊಳೆದದ್ದು ತಪ್ಪು ರೀ."

"ಅದು ನಿಮ್ಮ ಊಹೆ."

"ನೀವೇ ಹೇಳ್ತೀರಲ್ಲ, ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ. ಎರಡೂ ಒಟ್ಟಿಗೆ ಬದಲಾಯಿಸಿದ್ರಿ. ಈ ಸಲ ತೊಳೆದು, ಟವೆಲ್ ಹೊದಿಸಿ ನೋಡಿ. ಗೊತ್ತಾಗತ್ತೆ."

ಅವರು ನೋಡಲಿಲ್ಲ. ಮತ್ತೆಂದೂ ತೊಳೆಯಲೂ ಇಲ್ಲ, ಮತ್ತೆಂದೂ ಎದುರು ಕೂರಲೂ ಇಲ್ಲ. ವಾರಕ್ಕೊಮ್ಮೆ ಇಲಿ ಇಟ್ಟು, ಟವೆಲ್ ಹೊದಿಸಿ, ಸ್ನಾನಕ್ಕೆ ಹೋಗುತ್ತಿದ್ದರು. ಹಾವು ತಿನ್ನುತ್ತಿತ್ತು, ಬೆಳೆಯುತ್ತಿತ್ತು. ತನ್ನ ಶುಚಿಯಿಂದ ಒಂದು ಜೀವ ಹಸಿವಿನಲ್ಲಿ ಒಣಗಿತು ಎನ್ನುವುದಕ್ಕಿಂತ, ತನ್ನ ಕಣ್ಣಿನಿಂದ ಒಣಗಿತು ಎನ್ನುವುದು ಅವರಿಗೆ ಹಗುರವಾಗಿತ್ತೋ ಏನೋ. ನಮ್ಮಲ್ಲಿ ಉಣ್ಣುವವರ ಬಾಯಿ ನೋಡಬಾರದು, ಕಣ್ಣು ಬೀಳುತ್ತದೆ ಎನ್ನುತ್ತಾರೆ. ಹಚ್ಚೆಯ ಹೆಂಗಸು ಅದನ್ನೇ ಹೇಳಿದ ಹಾಗೆ ಅವರಿಗೆ ಕೇಳಿಸಿರಬೇಕು. ಎರಡು ಊರಿನ ಬುದ್ಧಿ ಒಂದೇ ಮಾತು ಹೇಳಿದರೆ ನಂಬದಿರುವುದು ಹೇಗೆ?

ತಿಂದ ಮೇಲೆ ಸಿರಿಯ ದಿನದ ಫೋನು ನಿಂತಿತು. ಕೇಳಲು ಏನೂ ಉಳಿದಿರಲಿಲ್ಲ. ಬರುವ ವಾರಗಳಲ್ಲಿ ಬಂದಳು, ಹಾವನ್ನು ಕೊರಳಿಗೆ ಸುತ್ತಿಕೊಂಡು ಹೋಂವರ್ಕ್ ಮಾಡಿದಳು. ಅವಳಿಗೆ ಹನ್ನೆರಡು ತುಂಬಿತು. ಆರ್ಕೆಸ್ಟ್ರಾದ ಅಭ್ಯಾಸ ಶನಿವಾರಕ್ಕೆ ಬಂತೆಂದು ಅವಳ ಅಮ್ಮ ವಾರಗಳ ಏರ್ಪಾಡು ಬದಲಾಗಬೇಕೆಂದರು. ಇವರ ವಕೀಲ, ಮಗುವನ್ನೇ ಕೇಳಲು ನ್ಯಾಯಾಧೀಶರಿಗೆ ಅರ್ಜಿ ಹಾಕೋಣ, ಅವಳು ಹೂಸ್ಟನ್‌ಗೆ ಬರಬೇಕು ಎಂದರೆ ಮುಗಿಯಿತು ಎಂದ. ಇವರು ಬೇಡವೆಂದರು.

"ಯಾಕೆ ಬೇಡ?" ಎಂದು ನಾನು ಕೇಳಿದೆ. ಬೆಳಗಿನ ಟ್ರಾಫಿಕ್ಕಿನಲ್ಲಿ ನಿಂತಿದ್ದೆವು.

"ಮಗುವನ್ನು ಕೂರಿಸಿ, ಎದುರು ಕೂತು, ಹೇಳು ಹೇಳು ಅನ್ನುವುದು ಬೇಡ. ಅವಳಿಗೆ ಬೇಕಾದಾಗ ಬರಲಿ. ಬಿಟ್ಟುಬಿಟ್ಟರೆ ತಾನಾಗಿ ಬರ್ತದೆ. ನೋಡಿದಿರಲ್ಲ ನೀವೇ."

"ಅದು ಹಾವು."

"ಹೌದು," ಎಂದರು. "ಅದಕ್ಕೇ ಅಷ್ಟು ಗೊತ್ತುಂಟು. ಮನುಷ್ಯರಿಗೆ ಗೊತ್ತಿರುವುದಿಲ್ಲವಾ?"

ನಾನು ಇನ್ನೂ ಏನೇನೋ ಹೇಳಿದೆ. ತೊಳೆದ ಇಲಿಯ ವಿಷಯವನ್ನೇ ಮತ್ತೆ ಎತ್ತಿದೆ. ಅವರು ರೇಡಿಯೋ ಹಾಕಿದರು.

ಸಿರಿ ಆ ಬೇಸಿಗೆಯಲ್ಲಿ ಬಂದಳು. ಆಮೇಲೆ ಬರುವ ವಾರಗಳು ಬಿಡಿಬಿಡಿಯಾದವು. ಆಮೇಲೆ ನಿಂತವು. ಅವರು ಫೋನ್ ಮಾಡುತ್ತಿರಲಿಲ್ಲ. ಮನಸ್ಸಿಲ್ಲದೆ ಅಲ್ಲ. ಅವಳ ಕೋಣೆಗೆ ವಾರವಾರ ಹೊಸ ಬೆಡ್‌ಶೀಟ್ ಹಾಸುತ್ತಿದ್ದವರು ಅವರು. ಆದರೆ ಫೋನ್ ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. "ನೋಡುವ," ಎನ್ನುತ್ತಿದ್ದರು. ಅವರ ಊರಿನಲ್ಲಿ ಆ ಮಾತಿಗೆ ಕಾಯೋಣ ಎಂದೇ ಅರ್ಥ.

ಒಂದು ಆಗಸ್ಟಿನಲ್ಲಿ ಚಂಡಮಾರುತದ ಮಳೆಗೆ ಹೂಸ್ಟನ್ ಮುಳುಗಿತು. ಅವರ ರಸ್ತೆಗೆ ನೀರು ಬಂದು ಕರೆಂಟು ಹೋಯಿತು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿತ್ತು. ಮೊಣಕಾಲು ನೀರಿನಲ್ಲಿ ಅವರು ನಡೆದು ಬಂದರು, ಕೈಯಲ್ಲಿ ಬಟ್ಟೆಯ ಗಂಟೂ ಇಲ್ಲ, ಬ್ಯಾಗೂ ಇಲ್ಲ. ಅಂಗಿಯೊಳಗೆ, ಬರಿಮೈಗೆ ಹತ್ತಿಸಿ, ದಿಂಬಿನ ಚೀಲದಲ್ಲಿ ಹಾವು. ಪೆಟ್ಟಿಗೆಯನ್ನು ಬೆಚ್ಚಗಿಡುವ ದೀಪವಿಲ್ಲದೆ ಅದಕ್ಕೆ ಚಳಿಯಾಗುತ್ತದೆ, ಮೈಯ ಶಾಖವೇ ಗತಿ ಎಂದರು. ಹಾವನ್ನು ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆಯುತ್ತಿದ್ದ ಮನುಷ್ಯ. ನನ್ನ ಗಂಡ ಎದ್ದು ಸೋಫಾ ಬಿಟ್ಟುಕೊಟ್ಟರು.

ಅಲ್ಲಿ ಕೂತಿದ್ದಾಗ ಅವರ ಫೋನಿಗೆ ಮೆಸೇಜು ಬಂತು. ಸಿರಿಯದು. ಗೋಲಿ ಹೇಗಿದೆ ಎಂದು. ಅಷ್ಟೇ ಇತ್ತು. ಅವರು ನನ್ನೆದುರು ಫೋನ್ ಹಿಡಿದರು, ಗೆದ್ದವರ ಹಾಗೆ. "ನೋಡಿ. ತಾನಾಗಿ ಬಂತು."

"ಮಾತಾಡ್ರೀ. ಕಾಲ್ ಮಾಡಿ ಈಗಲೇ. ನೀರಲ್ಲಿ ನಡೆದು ಬಂದೆ ಅಂತ ಹೇಳಿ."

"ಬೇಡ ಬೇಡ." ಅವರು ಪಿಸುಗುಟ್ಟಿದರು, ಎದುರಿಗೆ ಏನೋ ಬೆದರುವಂಥದ್ದು ಕೂತಿರುವ ಹಾಗೆ. ಓಕೆ ಎಂದು ಟೈಪ್ ಮಾಡಿ ಕಳಿಸಿದರು. ಆ ಕಡೆಯಿಂದ ಮತ್ತೇನೂ ಬರಲಿಲ್ಲ. ಅವರು ದಿನವಿಡೀ ಫೋನನ್ನು ಮಗುಚಿಟ್ಟುಕೊಂಡು, ಅದನ್ನು ನೋಡದೆ ಕಾದರು.

ಆಮೇಲೆ ನಮ್ಮ ಲ್ಯಾಬ್ ಮುಚ್ಚಿತು. ಅವರಿಗೆ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿತು. ಮನೆ ಮಾರಿ ಹೋದರು, ಹಾವನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು. ಕಳೆದ ಚಳಿಗಾಲದಲ್ಲಿ ಕೊನೆಯ ಸಲ ಮಾತಾಡಿದಾಗ ಧ್ವನಿಯಲ್ಲಿ ಗೆಲುವಿತ್ತು. ಸಿರಿ ಆಸ್ಟಿನ್‌ನ ಕಾಲೇಜಿಗೆ ಅರ್ಜಿ ಹಾಕಿದ್ದಾಳೆಂದು ಯಾರೋ ಹೇಳಿದ್ದರಂತೆ. ನೀವೇ ಕೇಳಿ ಎಂದೆ. "ಎಂತಕ್ಕೆ? ಬಂದರೆ ಗೊತ್ತಾಗ್ತದಲ್ಲ," ಎಂದರು.

ಸಿರಿ ಬಂದಳು. ದೇವಸ್ಥಾನದ ಸಭೆ ಮುಗಿದ ಮರುದಿನ, ಬೆಳಿಗ್ಗೆ, ಅವರ ಅಪಾರ್ಟ್‌ಮೆಂಟಿಗೆ. ಡಲ್ಲಾಸ್‌ನಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ನನಗಿಂತ ಎತ್ತರ. ಹಣೆ ಮಾತ್ರ ಅವರದೇ. ಹಾವನ್ನು ತಾನೇ ಒಯ್ಯುತ್ತೇನೆಂದು ಮೊದಲೇ ಹೇಳಿದ್ದಳು.

ಮನೆ ತೊಳೆದಿಟ್ಟ ಹಾಗಿತ್ತು. ಕೋಣೆಯ ಗಾಜಿನ ಪೆಟ್ಟಿಗೆಯ ಮೇಲೆ ಒಂದು ಹಳೆಯ ಟವೆಲ್. ಬಣ್ಣದ ಮೀನುಗಳ ಚಿತ್ರವಿತ್ತು ಅದರ ಮೇಲೆ, ಮಕ್ಕಳದು. ಸಿರಿ ಅದನ್ನು ಎಳೆದು ಕೈಯಲ್ಲಿ ಹಿಡಿದುಕೊಂಡು ನಿಂತಳು. ಒಳಗೆ ಗೋಲಿ, ನನ್ನ ಮುಂಗೈಗಿಂತ ದಪ್ಪ, ಸುತ್ತಿಕೊಂಡು ಮಲಗಿತ್ತು.

"ಹೀ ಈಸ್ ಹ್ಯೂಜ್," ಎಂದಳು. ಆಮೇಲೆ, "ಆಂಟಿ, ಡಿಡ್ ಹೀ ಎವರ್ ಟಾಕ್ ಅಬೌಟ್ ಮೀ?"

"ದಿನಾ ಕಣೇ."

"ದೆನ್ ವೈ ಡಿಡಂಟ್ ಹೀ ಕಾಲ್?" ಅವಳು ಕೂಗಲಿಲ್ಲ, ಅಪ್ಪನ ಹಾಗೆ ಧ್ವನಿ ತಗ್ಗಿತು. ಬೇಕಾದಾಗ ಹೋಗು ಎಂದು ಅಮ್ಮ ಹೇಳಿದ್ದರಂತೆ. ಅಪ್ಪ ಬಾ ಎನ್ನಲಿ ಎಂದು ಇವಳು ಕಾದಿದ್ದಳಂತೆ. ಪ್ರವಾಹದ ಸಮಯದಲ್ಲಿ ಅಪ್ಪ ಸತ್ತೇ ಹೋದರೇನೋ ಎಂದು ಅಳುತ್ತಿದ್ದಳಂತೆ. ನೇರ ಕೇಳಲು ಹೆದರಿಕೆಯಾಗಿ ಹಾವನ್ನು ಕೇಳಿದಳಂತೆ. "ಅಂಡ್ ಹೀ ಸೆಡ್ ಓಕೆ. ಜಸ್ಟ್ ಓಕೆ."

ಏನು ಹೇಳಬೇಕಿತ್ತು ನಾನು? ಇದ್ದದ್ದನ್ನು ಹೇಳಿದೆ. ಸಿಂಕು, ಸೋಪು, ಟವೆಲು, ಕಾರಿನಲ್ಲಿ ಅವರು ಆಡಿದ ಮಾತು. ನೋಡುತ್ತಾ ನಿಂತರೆ ಬರುವುದಿಲ್ಲ, ಬಿಟ್ಟರೆ ತಾನಾಗಿ ಬರುತ್ತದೆ. ಸೋಪಿನ ಮಾತಿಗೆ ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಐ ವಾಸ್ ಎ ಕಿಡ್," ಎಂದಳು. "ಐ ವಾಸಂಟ್ ಎ ಸ್ನೇಕ್."

ಹಾವಿಗೆ ಆಹಾರ ಕೊಟ್ಟು ಎಷ್ಟು ದಿನವಾಯಿತೋ. ಅವಳು ಫ್ರೀಜರ್ ತೆರೆದು ಒಂದು ಇಲಿ ತೆಗೆದಳು, ಈಗ ದೊಡ್ಡವು, ಮುಷ್ಟಿಯಷ್ಟು. ಚೀಲದಲ್ಲೇ ಬಿಸಿನೀರಿನಲ್ಲಿಟ್ಟಳು. ಬೆಚ್ಚಗಾದ ಮೇಲೆ ಚಿಮಟದಿಂದ ಹಿಡಿದು ಪೆಟ್ಟಿಗೆಯೊಳಗೆ ಇಳಿಸಿದಳು. ನಾನು ಅವರ ಅಭ್ಯಾಸದಂತೆ, ಅವಳು ಕೆಳಗಿಟ್ಟಿದ್ದ ಟವೆಲ್ ಎತ್ತಿಕೊಂಡೆ.

"ನೋ," ಎಂದಳು.

"ನೋಡ್ತಿದ್ರೆ ತಿನ್ನಲ್ಲ ಅಂತಿದ್ರು ಅಪ್ಪ. ಹೊಸ ಮುಖ ಬೇರೆ."

ಅವಳು ನೆಲದ ಮೇಲೆ ಕೂತಳು. ಕಾಲು ಮಡಚಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ. ಉಸಿರಿನಿಂದ ಗಾಜು ಮಬ್ಬಾಯಿತು. ತೋಳಿನಿಂದ ಒರೆಸಿ ಮತ್ತೆ ನೋಡಿದಳು. ಹಾವು ತಲೆ ಎತ್ತಿತು. ನಾಲಿಗೆ ಹೊರಬಂತು, ಒಳಹೋಯಿತು. ಅದು ಅವಳನ್ನು ನೋಡಿತು ಎಂದು ಬರೆಯಲು ಕೈ ತುಡಿಯುತ್ತದೆ. ಅವು ಹಾಗೆ ನೋಡುವುದಿಲ್ಲವಂತೆ. ಮರುಕ್ಷಣ, ನನ್ನ ಕಣ್ಣಿಗೆ ಸಿಗುವ ಮೊದಲೇ, ಅದು ಎರಗಿ ಇಲಿಯನ್ನು ಸುತ್ತಿಕೊಂಡಿತ್ತು.

ಒಂದು ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ. ಬೆಳೆದ ಹಾವು ಬೇರೆ, ಮರಿ ಬೇರೆ. ಹಸಿದಿತ್ತು, ತಿಂದಿತು. ಅವರಿದ್ದಿದ್ದರೆ ಇದನ್ನೆಲ್ಲ ತಗ್ಗಿದ ಧ್ವನಿಯಲ್ಲಿ ಹೇಳುತ್ತಿದ್ದರು. ನಾನು ಅವಳಿಗೆ ಇದ್ಯಾವುದನ್ನೂ ಹೇಳಲಿಲ್ಲ. ಅವಳು ಅದರಿಂದ ಕಣ್ಣು ಕೀಳಲಿಲ್ಲ. ಇಲಿಯ ತಲೆ ಒಳಗೆ ಹೋಯಿತು, ಭುಜಗಳು, ಹಿಂಗಾಲುಗಳು. ಬಾಲ ಸ್ವಲ್ಪ ಹೊತ್ತು ಹೊರಗೆ ಉಳಿಯಿತು, ಆಮೇಲೆ ಅದೂ ಇಲ್ಲ. ಟವೆಲ್ ನನ್ನ ಕೈಯಲ್ಲೇ ಇತ್ತು.

"ತಿಂತು," ಎಂದಳು ಸಿರಿ, ಗಾಜಿನ ಕಡೆಗೇ. ಕನ್ನಡದಲ್ಲೇ ಹೇಳಿದಳೋ, ನಾನು ಈಗ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಹಾಗೆ ಕೇಳಿಸುತ್ತಿದೆಯೋ, ಗೊತ್ತಿಲ್ಲ.